ನೂಲು ಮತ್ತು ನ್ಯಾಯ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ನಿಂತರೆ ಅನೇಕ ಮನೆಗಳ ಒಲೆಗಳೂ ತಣ್ಣಗಾಗುತ್ತವೆ. ರೇಷ್ಮೆ ನೂಲು ಅಗ್ಗವಾಗಿ ದೊರೆತರೆ ನೇಕಾರನಿಗೆ ನೆಮ್ಮದಿ. ಆದರೆ ಆ ಅಗ್ಗದ ನೂಲು ಚೀನಾದಿಂದ ಬಂದುದಾದರೆ, ಶಿಡ್ಲಘಟ್ಟ, ರಾಮನಗರಗಳ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿದು, ಹಿಪ್ಪುನೇರಳೆ ಬೆಳೆದ ರೈತನೂ ನೂಲು ಬಿಚ್ಚಾಣಿಕೆದಾರನೂ ಕಂಗಾಲಾಗುತ್ತಾರೆ. ಹೀಗಿರುವಾಗ ಆಮದಿಗೆ ತಡೆಯೊಡ್ಡುವುದು ನ್ಯಾಯವೆ? ಅದನ್ನು ನಿರ್ಣಯಿಸುವವರು ಯಾರು?

ಹಿಂದೆ ಇಂತಹ ಪ್ರಶ್ನೆಗಳಿಗೆ ಬಲವೇ ಉತ್ತರವಾಗಿತ್ತು. 1839ರಲ್ಲಿ ಚೀನಾ ಅಫೀಮಿನ ವ್ಯಾಪಾರವನ್ನು ತಡೆದಾಗ ಬ್ರಿಟನ್ ಯುದ್ಧನೌಕೆಗಳನ್ನು ಕಳುಹಿಸಿತು. ಸೋತ ಚೀನಾ 1842ರಲ್ಲಿ ಹಾಂಗ್‌ಕಾಂಗನ್ನೇ ಬಿಟ್ಟುಕೊಡಬೇಕಾಯಿತು. ಎರಡು ಮಹಾಯುದ್ಧಗಳ ಬಳಿಕ, 1947ರಲ್ಲಿ, ರಾಷ್ಟ್ರಗಳು ಗ್ಯಾಟ್ ಎಂಬ ವ್ಯಾಪಾರ ಒಪ್ಪಂದವನ್ನು ಮಾಡಿಕೊಂಡವು. ಅದರ ಮುಂದುವರಿಕೆಯಾಗಿ 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅದರ ಕೇಂದ್ರ ಜಿನೀವಾ.

ಈ ಸಂಸ್ಥೆಯ ವಿಚಾರಣಾಕ್ರಮ ಹಳ್ಳಿಯ ಪಂಚಾಯಿತಿಯನ್ನು ನೆನಪಿಗೆ ತರುತ್ತದೆ. ವಾದಿ ಪ್ರತಿವಾದಿ ರಾಷ್ಟ್ರಗಳು ಮೊದಲು ಎದುರುಬದುರು ಕುಳಿತು ಮಾತನಾಡಬೇಕು. 60 ದಿನಗಳಲ್ಲಿ ರಾಜಿಯಾಗದಿದ್ದರೆ, ಸಾಮಾನ್ಯವಾಗಿ ಮೂವರು ಪರಿಣತರ ಮಂಡಲಿಯೊಂದು ವಾದಗಳನ್ನು ಆಲಿಸಿ ತೀರ್ಪು ನೀಡುತ್ತದೆ. ಅದರ ಮೇಲೆ ಮೇಲ್ಮನವಿಗೂ ಅವಕಾಶವುಂಟು. ತೀರ್ಪನ್ನು ಜಾರಿಗೊಳಿಸಲು ಸೈನ್ಯವಿಲ್ಲ. ಸೋತ ದೇಶ ತಪ್ಪನ್ನು ತಿದ್ದಿಕೊಳ್ಳದಿದ್ದರೆ, ಗೆದ್ದ ದೇಶ ಅನುಮತಿ ಪಡೆದು ಅದರ ಸರಕಿನ ಮೇಲೆ ಹೆಚ್ಚಿನ ಸುಂಕ ವಿಧಿಸಬಹುದು.

ಪರದೇಶದ ಸರಕು ಸಹಜ ಬೆಲೆಗಿಂತ ಕಡಿಮೆಗೆ ಬಂದು ಬೀಳುವುದನ್ನು ಡಂಪಿಂಗ್ ಎನ್ನುತ್ತಾರೆ. ಭಾರತದ ಹತ್ತಿಯ ಮೇಲುಹಾಸು, ದಿಂಬಿನ ಚೀಲ ಮುಂತಾದವು ಹೀಗೆ ಬರುತ್ತಿವೆಯೆಂದು ಐರೋಪ್ಯ ಸಮುದಾಯ 1997ರಲ್ಲಿ ಅವುಗಳ ಮೇಲೆ ಹೆಚ್ಚುವರಿ ಸುಂಕ ಹೇರಿತು. ಭಾರತ ದೂರು ಸಲ್ಲಿಸಿತು. ಅಗ್ಗಕ್ಕೆ ಮಾರಿದ ಬಗೆಗಳನ್ನು ಲೆಕ್ಕಕ್ಕೆ ಹಿಡಿದು, ಹೆಚ್ಚಿನ ಬೆಲೆಗೆ ಮಾರಿದ ಬಗೆಗಳ ಅಂತರವನ್ನು ಸೊನ್ನೆಯೆಂದು ಬರೆದುದು ನಿಯಮಕ್ಕೆ ವಿರುದ್ಧವೆಂದು 2001ರಲ್ಲಿ ಮೇಲ್ಮನವಿ ಮಂಡಲಿ ಸಾರಿತು. ಅಲ್ಲಿ ಗೆದ್ದುದು ಬಲವಲ್ಲ, ಸರಿಯಾದ ಲೆಕ್ಕ. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಡಂಪಿಂಗ್ ವಿರೋಧಿ ಸುಂಕ ವಿಧಿಸಿದಾಗ ಭಾರತಕ್ಕೂ ಇದೇ ನಿಯಮಗಳು ಅನ್ವಯಿಸಿದವು: ವಿಚಾರಣೆ ನಡೆಯಬೇಕು, ದೇಶದ ಉತ್ಪಾದಕರಿಗೆ ಆದ ಹಾನಿ ರುಜುವಾತಾಗಬೇಕು.

ಈ ವ್ಯವಸ್ಥೆ ಇಂದು ಸೊರಗಿದೆ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಲಿಯ ಕಾರ್ಯ ಸ್ಥಗಿತಗೊಂಡಿದೆ. ಸೋತವರು ಅಲ್ಲಿಗೆ ಮೇಲ್ಮನವಿ ಸಲ್ಲಿಸಿ ತೀರ್ಪನ್ನು ನೆನೆಗುದಿಗೆ ಹಾಕಬಹುದಾಗಿದೆ. 2021ರಲ್ಲಿ ಸಕ್ಕರೆಯ ವ್ಯಾಜ್ಯದಲ್ಲಿ ಸೋತ ಭಾರತವೂ ಇದೇ ದಾರಿ ಹಿಡಿಯಿತು. ಇದು ತತ್ಕಾಲಕ್ಕೆ ಅನುಕೂಲವೆನಿಸಿದರೂ ದೂರದೃಷ್ಟಿಯ ಮಾತಲ್ಲ. ನ್ಯಾಯಸ್ಥಾನವಿಲ್ಲದೆ ಬಲಾಢ್ಯರು ಬದುಕಬಲ್ಲರು, ಉಳಿದವರು ಬದುಕಲಾರರು.

ಜಿನೀವಾದಲ್ಲಿ ನ್ಯಾಯ ಕೇಳುವ ದೇಶ ತನ್ನ ಮನೆಯಲ್ಲಿಯೂ ಎರಡು ಕಡೆಯ ಮಾತನ್ನು ಕೇಳಬೇಕು. ಸುಂಕದಿಂದ ಗೂಡಿಗೆ ಬೆಲೆ ಬಂದಾಗ ಮಗ್ಗ ನಿಲ್ಲದಂತೆ, ಅಗ್ಗದ ನೂಲು ಬಂದಾಗ ರೈತ ಹಿಪ್ಪುನೇರಳೆಯನ್ನು ಕಿತ್ತೆಸೆಯದಂತೆ ನೋಡಿಕೊಳ್ಳುವುದೇ ವಿವೇಕ. ಸೀರೆಗೆ ಹಾಸೂ ಬೇಕು, ಹೊಕ್ಕೂ ಬೇಕು.