ಗೋಡೆ ಬಡಿದು ನೋಡಬೇಡಿ, ಪಹಣಿ ತೆಗೆಸಿ ನೋಡಿ

ನಮ್ಮ ಹೊಲದ ಪಕ್ಕದ ಒಂದು ಎಕರೆ ರಾಗಿ ಹೊಲ ಮೂವತ್ತು ಸೈಟ್ ಆಗಿದೆ. ಅದರಲ್ಲಿ ಕಟ್ಟಿರೋ ಒಂದು ಮನೆ ತಗೊಳ್ತೀನಿ ಅಂತ ನಮ್ಮ ಬಾಮೈದ ಹಟ ಹಿಡಿದು ಕೂತಿದ್ದಾನೆ. ಟೈಲ್ಸ್ ಚೆನ್ನಾಗಿದೆಯಂತೆ, ವಾಸ್ತು ಸರಿ ಇದೆಯಂತೆ. ಪಹಣಿ ನೋಡಿದ್ಯೇನೋ ಅಂದೆ. "ಮನೆಗೆ ಎಂಥ ಪಹಣಿ ಭಾವ" ಅಂದ.

ಅಲ್ಲಪ್ಪ, ಆ ಮನೆಯ ಕೆಳಗಿನ ನೆಲ ಪಹಣಿಯಲ್ಲಿ ಇವತ್ತಿಗೂ ರಾಗಿ ಹೊಲವೇ. ಕನ್ವರ್ಷನ್ ಆಗಿಲ್ಲ. ಲೆಕ್ಕ ಹಾಕಿ ನೋಡಿ. ಎಕರೆಗೆ 43,560 ಚದರಡಿ. 30x40ರ ಮೂವತ್ತು ಸೈಟಿಗೆ 36,000 ಹೋಯ್ತು. ಉಳಿದ 7,560 ಅಡಿಯಲ್ಲೇ ರಸ್ತೆ, ಚರಂಡಿ, ಎಲ್ಲಾ. ಎದುರಿಂದ ಟ್ರ್ಯಾಕ್ಟರ್ ಬಂದರೆ ಬೈಕಿನವನು ಯಾರದೋ ಜಗಲಿ ಹತ್ತಬೇಕು.

ಆ ಹೊಲದಲ್ಲಿ ಒಂದು ಸಣ್ಣ ಹಳ್ಳ ಇತ್ತು. ಸರ್ವೆ ನಕ್ಷೆಯಲ್ಲಿ ಅದು ಬಿ ಖರಾಬು, ಅಂದರೆ ಊರಿನ ಸ್ವತ್ತು. ನೆಲದ ಮೇಲೆ ಈಗ ಅದು ಹದಿನಾಲ್ಕನೇ ನಂಬರ್ ಸೈಟು. ಚಿತ್ತೆ ಮಳೆಗೆ ನೀರು ಹಳೇ ದಾರಿ ಹುಡುಕ್ಕೊಂಡು ಬಂದು ಅಡುಗೆಮನೆಗೇ ನುಗ್ತು. ಬೈಸಿಕೊಂಡವರು ಯಾರು? ಮೇಲಿನ ಹೊಲದವರಾದ ನಾವು!

ಜಿಪಿಎ ಇದೆ, ಅಗ್ರಿಮೆಂಟ್ ಇದೆ ಅಂತಾರೆ. ಅದರಿಂದ ಒಡೆತನ ಬರಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನು ಕೆಲವರದು "ನಾಳೆ ಸರ್ಕಾರ ಸಕ್ರಮ ಮಾಡುತ್ತೆ ಬಿಡಿ" ಅನ್ನೋ ಧೈರ್ಯ. ಜೀವಮಾನದ ದುಡಿಮೆನ ಆ ನಾಳೆ ಮೇಲೆ ಇಡ್ತೀರಾ?

ಮಾರಿದ ರೈತನನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಬೋರ್ ಬತ್ತಿದ ವರ್ಷ ನಾನೂ ಅಡ್ವಾನ್ಸ್ ದುಡ್ಡು ಎಣಿಸಿ ವಾಪಸ್ ಕೊಟ್ಟವನೇ. ಆದರೆ ಅಕ್ಕತಂಗಿಯರ ಸಹಿ ಇಲ್ಲದೆ ಪಿತ್ರಾರ್ಜಿತ ಹೊಲ ತುಂಡು ಮಾಡಿ ಮಾರೋದು ಕೊಳ್ಳೋನಿಗೆ ಮಾಡೋ ಮೋಸ. ನಾಳೆ ಅವರು ಪಾಲಿಗೆ ದಾವೆ ಹಾಕಿದರೆ ಕೋರ್ಟಿಗೆ ಅಲೆಯೋನು ಟೈಲ್ಸ್ ನೋಡಿ ಮನೆ ಕೊಂಡೋನು. ಮಧ್ಯದ ಬ್ರೋಕರ್ ಅಷ್ಟೊತ್ತಿಗೆ ಬೇರೆ ಊರಲ್ಲಿ ಕಲ್ಲು ನೆಡ್ತಾ ಇರ್ತಾನೆ.

ಅದಕ್ಕೇ ದುಡ್ಡು ಕೊಡೋಕೆ ಮುಂಚೆ ಕೇಳಿ. ಡಿಸಿ ಕನ್ವರ್ಷನ್ ಆದೇಶ ಎಲ್ಲಿ? ಲೇಔಟ್ ನಕ್ಷೆಗೆ ಮಂಜೂರಾತಿ ಇದೆಯಾ? ಪಂಚಾಯ್ತಿಯಿಂದ ಬಂದಿರೋದು 9 ಮತ್ತು 11ಎ ನಮೂನೆಯೋ, ಬರೀ 11ಬಿಯೋ? ಈ ಎ, ಬಿ ಅನ್ನೋ ಒಂದಕ್ಷರದಲ್ಲೇ ಇರೋದು ಎಲ್ಲಾ. ಮನೆ ಸಾಲ ಕೇಳೋಕೆ ಹೋದಾಗ ಬ್ಯಾಂಕಿನ ಮ್ಯಾನೇಜರ್ ಅದನ್ನೇ ನೋಡಿ ಫೈಲ್ ಮುಚ್ಚೋದು.

ಸೋಮವಾರ ಬಾಮೈದನ್ನ ಕರ್ಕೊಂಡು ಮೊದಲು ನಾಡಕಚೇರಿ, ಆಮೇಲೆ ಸರ್ವೆ ಆಫೀಸಿಗೆ ಹೋಗ್ತಿದ್ದೀನಿ. ನಿಮಗೂ ಅದೇ ಲೇಔಟಲ್ಲಿ ಮನೆ ತೋರಿಸಿದ್ದರೆ ಬನ್ನಿ, ಗಾಡೀಲಿ ಇನ್ನಿಬ್ಬರಿಗೆ ಜಾಗ ಇದೆ.