ತುಂಬದ ಟ್ಯಾಂಕ್

"ನಮ್ಮ ಸೆಪ್ಟಿಕ್ ಟ್ಯಾಂಕ್ 22 ವರ್ಷದಾಗ ಒಮ್ಮೆನೂ ತುಂಬಿಲ್ಲ ನೋಡ್ರಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಜಮಖಂಡಿ ಕಡೆಯ ನಮ್ಮ ಸಣ್ಣ ಊರಿನಲ್ಲಿ ಅದು ಹೆಮ್ಮೆಯ ಮಾತೇ. ಗೌಂಡಿ ಚೆನ್ನಾಗಿ ಕಟ್ಟಿದ್ದಾನೆ ಅಂತ ನಾನೂ ನಂಬಿದ್ದೆ.

ಕಳೆದ ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಟವರು, ಮಕ್ಕಳಿಗೆ ಢೋಲ್ಯಾ ಗಣಪತಿ ತೋರಿಸೋಣವೆಂದು ಸುರೂರಿನಲ್ಲಿ ಬಲಕ್ಕೆ ತಿರುಗಿ ವಾಯಿಗೆ ಹೋದೆವು. (ಪಕ್ಕದ ಮೆಣವಲಿಯಲ್ಲಿ 'ಸ್ವದೇಸ್' ಸಿನಿಮಾದ ಘಾಟ್ ಇದೆ, ಹೆಂಡತಿಗೆ ಅದೇ ಮುಖ್ಯ.) ಒಂದು ಓಣಿಯಲ್ಲಿ ಟ್ಯಾಂಕ್ ಖಾಲಿ ಮಾಡುವ ಟ್ರಕ್ ದಾರಿ ಕಟ್ಟಿ ನಿಂತಿತ್ತು. "ತುಂಬಿತ್ತಾ?" ಎಂದು ಮನೆಯಾಕೆಯನ್ನು ಕೇಳಿದೆ. "ಇಲ್ಲ, ನಮ್ಮ ಸರದಿ ಬಂತು" ಎಂದರು.

ವಾಯಿ 2011ರ ಜನಗಣತಿಯಲ್ಲಿ ಸುಮಾರು 36,000 ಜನರ ಊರು. ಅಲ್ಲಿನ ನಗರಸಭೆ 2018ರಲ್ಲಿ ಒಂದು ಪದ್ಧತಿ ಶುರುಮಾಡಿತು. ಯಾರೂ ಕರೆಯದಿದ್ದರೂ ಮೂರು ವರ್ಷಕ್ಕೊಮ್ಮೆ ಪ್ರತಿ ಟ್ಯಾಂಕಿನ ಮುಂದೆ ಟ್ರಕ್ ಬರಬೇಕು. ಖರ್ಚಿಗೆ ವರ್ಷದ ತೆರಿಗೆ ಇದೆ. ತೆಗೆದ ರಾಡಿ ದಿನಕ್ಕೆ 70,000 ಲೀಟರ್ ಸಾಮರ್ಥ್ಯದ ಘಟಕಕ್ಕೆ ಹೋಗುತ್ತದೆ. ಅಲ್ಲಿ ನೀರು ಬೇರ್ಪಡಿಸಿ ಶುದ್ಧ ಮಾಡಿ, ಗಟ್ಟಿಯದ್ದನ್ನು ಒಣಗಿಸಿ, ಸುಟ್ಟು, ಇದ್ದಿಲಿನಂಥ ಪುಡಿ ಮಾಡುತ್ತಾರೆ.

ತುಂಬದ ಟ್ಯಾಂಕನ್ನು ಯಾಕೆ ಖಾಲಿ ಮಾಡಬೇಕು? ಕಾರಿನಲ್ಲಿ ಕೂತು ಯೋಚಿಸುತ್ತ ಹೋದಂತೆ ಬೆವರು ಬಂತು. ಸೆಪ್ಟಿಕ್ ಟ್ಯಾಂಕ್ ಮಾಡುವ ಮುಖ್ಯ ಕೆಲಸ ಗಟ್ಟಿಯದ್ದನ್ನು ತಳಕ್ಕೆ ಕೂರಿಸುವುದು. ಎರಡು ಮೂರು ವರ್ಷದಲ್ಲಿ ತಳ ಏರಿ ಬಂದರೆ ನೀರಿಗೆ ನಿಲ್ಲಲು ಜಾಗವಿಲ್ಲ, ಎಲ್ಲವನ್ನೂ ಹೊತ್ತು ಹೊರಗಿನ ಪೈಪಿಗೆ ನುಗ್ಗುತ್ತದೆ. ಅಲರ್ಟ್ ಬರುತ್ತಿಲ್ಲ ಎಂದಮಾತ್ರಕ್ಕೆ ಸರ್ವರ್ ಚೆನ್ನಾಗಿದೆ ಅಂತಲ್ಲ, ಆಫೀಸಿನಲ್ಲಿ ದಿನಾ ಹೇಳುವ ಮಾತು. ನಮ್ಮ ಪೈಪ್ ಗಟಾರಕ್ಕೆ, ಗಟಾರ ಹಳ್ಳಕ್ಕೆ, ಹಳ್ಳ ಕೃಷ್ಣೆಗೆ. ಅಲ್ಲಿಂದ ಕೆಳಗೆ ಸೋದರತ್ತೆಯ ಊರು, ಅವರ ನಲ್ಲಿಗೆ ಬರುವುದು ಹೊಳೆ ನೀರೇ. 22 ವರ್ಷ.

ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಚ್ಚಳ ಪೋರ್ಟಿಕೋದ ಕೆಳಗೈತಿ" ಎಂದರು. ನನ್ನ ಮೊದಲ ಬೋನಸ್ಸಿನಲ್ಲಿ ಹಾಕಿಸಿದ ಗ್ರಾನೈಟ್ ಅದು. ಎರಡು ಹಲಗೆ ಒಡೆಸಿದೆವು. ಯಾರನ್ನಾದರೂ ಒಳಗೆ ಇಳಿಸೋಣವೆಂದು ಪಕ್ಕದ ಮನೆಯವರು ಅಂದಾಗ ನಾನು ಸ್ವಲ್ಪ ಜೋರಾಗಿಯೇ ರೇಗಿದೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ, ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಮರುದಿನ ಖಾಸಗಿ ಟ್ರಕ್ ಬಂತು. ಎಲ್ಲಿ ಸುರಿಯುತ್ತೀಯಪ್ಪ ಎಂದು ಕೇಳಿದೆ. "ಹಳ್ಳದ ಕಡೀಗೆರೀ ಸರ, ಮತ್ತೆಲ್ಲಿ?"

ಬಂದ ಖರ್ಚು ಕೊಟ್ಟು ವಾಪಸ್ ಕಳಿಸಿದೆ. ಮಾಡಿದ್ದು ಸರಿಯೋ ಗೊತ್ತಿಲ್ಲ, ಪೈಪ್ ಈಗಲೂ ಗಟಾರಕ್ಕೇ ಹರಿಯುತ್ತಿದೆ. ಅಪ್ಪ ಪುರಸಭೆಗೆ ಅರ್ಜಿ ಬರೆದಿದ್ದಾರೆ, ಓಣಿಯ ಹನ್ನೊಂದು ಮನೆಯವರ ಸಹಿ ಹಾಕಿಸಿದ್ದಾರೆ. ಗ್ರಾನೈಟ್ ಇನ್ನೂ ಕೂರಿಸಿಲ್ಲ. ಬಂದವರು ಮುಚ್ಚಳ ದಾಟಿ ಒಳಗೆ ಬರುವಾಗ ಅಪ್ಪ ಕೇಳುತ್ತಾರಂತೆ, "ನಿಮ್ಮದು ಯಾವಾಗ ತೆಗಿಸೀರಿ?"