ತಾನೇ ಬದಲಾಗುವ ಗೇರೂ ಹಿಂದೆ ಬರುವ ಭಾರವೂ

ಯಂತ್ರವು ಮನುಷ್ಯನ ಶ್ರಮವನ್ನು ಕಡಮೆ ಮಾಡುವುದು. ಆದರೆ ಅವನ ವಿವೇಕದ ಕೆಲಸವನ್ನು ತಾನು ವಹಿಸಿಕೊಳ್ಳಲಾರದು. ಈ ಮಾತು ಎಲ್ಲರೂ ಬಲ್ಲದ್ದೇ ಆದರೂ, ಕೈಗೆ ಸುಲಭವಾದ ಯಂತ್ರವು ದೊರೆತೊಡನೆ ಅದನ್ನು ಮರೆಯುವುದು ಲೋಕಸ್ವಭಾವವಾಗಿದೆ. ಈ ತಿಂಗಳು ಅಂತಹ ಒಂದು ಯಂತ್ರದ ವಿಷಯವನ್ನು ವಿಚಾರಮಾಡೋಣ.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ಸಂಸಾರ ಹೂಡಿರುವರು. ಅಲ್ಲಿ ಉದ್ಯೋಗದ ನಿಮಿತ್ತ ಊರು ಬದಲಿಸುವವರು ಬಾಡಿಗೆಗೆ ಒಂದು ಟ್ರೇಲರನ್ನು ತಂದು, ಮನೆಯ ಸಾಮಾನನ್ನೆಲ್ಲ ಅದರಲ್ಲಿ ತುಂಬಿ, ತಮ್ಮ ಕಾರಿನ ಹಿಂದೆ ಕಟ್ಟಿಕೊಂಡು ತಾವೇ ಹೊರಡುವುದುಂಟು. 1945ರಲ್ಲಿ ವಾಷಿಂಗ್ಟನ್ ಸಂಸ್ಥಾನದಲ್ಲಿ ಯು-ಹಾಲ್ ಎಂಬ ಸಂಸ್ಥೆಯು ಹುಟ್ಟಿದ ಮೇಲೆ ಈ ವಾಡಿಕೆಯು ಆ ದೇಶದಲ್ಲೆಲ್ಲ ಹರಡಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ಈಚೆಗೆ ಬರೆದ ಕಾಗದದಲ್ಲಿ, "ಮಗನು ಸ್ಯಾನ್ ಹೋಸೆಯಿಂದ ಲಾಸ್ ಏಂಜಲಿಸಿಗೆ ಮನೆ ಬದಲಿಸುತ್ತಾನೆ. ಏಳು ಜನ ಕೂರುವ ಕಾರು, ಹಿಂದೆ ಟ್ರೇಲರು. ಅವನೂ ಸೊಸೆಯೂ ಇಬ್ಬರು ಮಕ್ಕಳೂ ನಾವಿಬ್ಬರೂ ಅದರಲ್ಲಿಯೇ ಹೋಗತಕ್ಕದ್ದು. ಕಾರು ಆಟೋಮ್ಯಾಟಿಕ್ ಆದಕಾರಣ ಚಿಂತೆಯಿಲ್ಲವೆನ್ನುತ್ತಾನೆ. ತಮಗೇನು ತೋರುವುದು?" ಎಂದು ಕೇಳಿರುವರು. ಉತ್ತರವು ಹಲವರಿಗೆ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತೇನೆ.

ಆಟೋಮ್ಯಾಟಿಕ್ ಎಂದರೆ ಕ್ಲಚ್ಚನ್ನು ಒತ್ತುವ ಮತ್ತು ಗೇರನ್ನು ಬದಲಿಸುವ ಕೆಲಸವು ಯಂತ್ರದ ಪಾಲಿಗೆ ಬಂದಿತೆಂದರ್ಥ. 1939ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯವರು ಓಲ್ಡ್ಸ್‌ಮೊಬೀಲ್ ಕಾರಿಗೆ ಹೈಡ್ರಾ-ಮ್ಯಾಟಿಕ್ ಎಂಬ ಇಂತಹ ಗೇರನ್ನು ಜೋಡಿಸಿ ಮಾರಾಟಕ್ಕೆ ತಂದರು. ಇಂದಿನ ಬಹುಮಂದಿ ಕಾರುಗಳಲ್ಲಿರುವ ಟಾರ್ಕ್ ಕನ್ವರ್ಟರಿನ ಮೂಲವು ಇನ್ನೂ ಹಿಂದಿನದು. ಜರ್ಮನಿಯ ಹರ್ಮನ್ ಫ್ಯೋಟಿಂಗರನು 1905ರಲ್ಲಿ ಅದನ್ನು ಹಡಗುಗಳಿಗಾಗಿ ಕಲ್ಪಿಸಿದನು. ಅದರ ತತ್ತ್ವವು ಸರಳವಾದುದು. ಎರಡು ಬೀಸಣಿಗೆಯ ಯಂತ್ರಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ, ಅದರ ಗಾಳಿಯಿಂದ ಇನ್ನೊಂದೂ ತಿರುಗುವುದಷ್ಟೆ. ಇಲ್ಲಿ ಗಾಳಿಗೆ ಬದಲಾಗಿ ಎಣ್ಣೆಯುಂಟು. ಎಂಜಿನು ಒಂದು ಚಕ್ರವನ್ನು ತಿರುಗಿಸುವುದು. ಎಣ್ಣೆಯ ರಭಸದಿಂದ ಎದುರಿನ ಚಕ್ರವು ತಿರುಗಿ ಗಾಡಿಯನ್ನು ನಡೆಸುವುದು. ಎರಡು ಚಕ್ರಗಳ ವೇಗದಲ್ಲಿ ಅಂತರವಿರುವವರೆಗೂ ಎಣ್ಣೆಯು ಕಡೆಯಲ್ಪಟ್ಟು ಬಿಸಿಯಾಗುತ್ತದೆ. ಹಿಂದಿನ ಭಾರವು ಹೆಚ್ಚಿದಷ್ಟೂ ಬಿಸಿಯೂ ಹೆಚ್ಚು. ಮಿತಿಮೀರಿ ಕಾದ ಎಣ್ಣೆಯು ತನ್ನ ಗುಣವನ್ನು ಕಳೆದುಕೊಂಡು, ಒಳಗಿನ ಕ್ಲಚ್ಚಿನ ಬಿಲ್ಲೆಗಳು ಸುಟ್ಟುಹೋಗುವುವು. ಚಾಲಕನ ಕೈಕಾಲುಗಳಿಗೆ ಇದಾವುದೂ ತಿಳಿಯುವುದಿಲ್ಲ. ಕೈಯಿಂದ ಗೇರು ಹಾಕುವವನಿಗೆ ಗಾಡಿಯು ಏದುವುದು ಅಂಗಾಲಿಗೇ ತಿಳಿಯುತ್ತಿತ್ತು. ಇಲ್ಲಿ ಆ ಸೂಚನೆಯು ಮುಚ್ಚಿಹೋಗಿದೆ. ಆದುದರಿಂದ "ಆಟೋಮ್ಯಾಟಿಕ್ ಆದಕಾರಣ ಚಿಂತೆಯಿಲ್ಲ" ಎಂಬುದು ಸರಿಯಲ್ಲ. ಆಟೋಮ್ಯಾಟಿಕ್ ಆದಕಾರಣವೇ ಮುಂಚಿತವಾಗಿ ಯೋಚಿಸಬೇಕು.

ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಒಂದೇ ಬಗೆಯವೂ ಅಲ್ಲ. ಕೆಲವಕ್ಕೆ ಗೇರಿನ ಹಲ್ಲುಗಳ ಬದಲು ಪಟ್ಟಿಯಿಂದ ನಡೆಯುವ ಸಿ.ವಿ.ಟಿ. ಇರುವುದು. ಕೆಲವು ಕಾರುಗಳಿಂದ ಟ್ರೇಲರನ್ನು ಎಳೆಸಲೇಕೂಡದೆಂದು ತಯಾರಕರೇ ಬರೆದಿರುವರು. ಆದಕಾರಣ ಮೊದಲು ಮಾಡತಕ್ಕ ಕೆಲಸವು ಕಾರಿನೊಡನೆ ಕೊಟ್ಟ ಪುಸ್ತಕವನ್ನು ಓದುವುದು. ಎಷ್ಟು ಭಾರದ ಟ್ರೇಲರನ್ನು ಎಳೆಯಬಹುದು, ಎಣ್ಣೆಯನ್ನು ತಣಿಸುವ ಉಪಕರಣವಿರಬೇಕೇ ಎಂಬುದೆಲ್ಲ ಅದರಲ್ಲಿದೆ.

ಇನ್ನು ಭಾರದ ಲೆಕ್ಕ. ಎತ್ತಿನ ಗಾಡಿಯನ್ನು ಕಂಡವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಅಚ್ಚಿನ ಹಿಂದಕ್ಕೆ ಭಾರ ಹೆಚ್ಚಾದರೆ ಮೂಕಿಯು ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುವುದು. ಮುಂದಕ್ಕೆ ಹೆಚ್ಚಾದರೆ ನೊಗವು ಹೆಗಲನ್ನು ಒತ್ತುವುದು. ಗಾಡಿ ಹೂಡುವ ರೈತನು ಮೂಟೆಗಳನ್ನು ಹಿಂದುಮುಂದಾಗಿ ಸರಿಸಿ, ನೊಗವು ಹದವಾಗಿ ಕೂತ ಮೇಲೆಯೇ ಹೊರಡುವನು. ಸಂಸ್ಕೃತದಲ್ಲಿ 'ಧುರ್' ಎಂದರೆ ನೊಗ. ಅದನ್ನು ಹೊರಬಲ್ಲವನು ಧುರಂಧರ. ಟ್ರೇಲರಿಗೆ ಕಾರೇ ಧುರಂಧರನು. ಅದರ ಮೂಕಿಯು ಕಾರಿನ ಹಿಂದಿನ ಕೊಂಡಿಯ ಮೇಲೆ ಒತ್ತುವ ಭಾರವು ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರವರೆಗೆ ಇರಬೇಕೆಂಬುದು ರೂಢಿಯಾದ ನಿಯಮ. ಇದಕ್ಕಾಗಿ ಸಾಮಾನಿನ ಭಾರದಲ್ಲಿ ನೂರಕ್ಕೆ 60 ಪಾಲು ಟ್ರೇಲರಿನ ಮುಂಭಾಗದ ಅರ್ಧದಲ್ಲಿರಬೇಕು. ಪುಸ್ತಕದ ಪೆಟ್ಟಿಗೆ, ಅಕ್ಕಿಯ ಚೀಲ, ರುಬ್ಬುವ ಯಂತ್ರ, ಸ್ಟೀಲಿನ ಪಾತ್ರೆ ಮೊದಲಾದ ಭಾರದ ವಸ್ತುಗಳು ಮುಂದುಗಡೆ ತಳದಲ್ಲಿಯೂ, ಹಾಸಿಗೆ ಬಟ್ಟೆಗಳು ಹಿಂದೆ ಮತ್ತು ಮೇಲೆಯೂ ಇರತಕ್ಕವು. ಎಡಬಲಗಳಲ್ಲಿ ಭಾರವು ಸಮನಾಗಿದ್ದು, ಯಾವುದೂ ಜರುಗದಂತೆ ಹಗ್ಗದಿಂದ ಬಿಗಿದಿರಬೇಕು.

ನಮ್ಮ ಸ್ನೇಹಿತರ ಪ್ರಶ್ನೆಗೆ ಉತ್ತರವು ಇಲ್ಲಿಯೇ ಅಡಗಿದೆ. ಲೆಕ್ಕಕ್ಕಾಗಿ, ಬರಿಯ ಟ್ರೇಲರಿನ ತೂಕ 900 ಪೌಂಡು, ತುಂಬಿದ ಸಾಮಾನು 1,800 ಪೌಂಡು ಎಂದಿಟ್ಟುಕೊಳ್ಳೋಣ. ಒಟ್ಟು 2,700 ಪೌಂಡು, ಅಂದರೆ ಸುಮಾರು 1,225 ಕಿಲೋಗ್ರಾಂ. ಇದರಲ್ಲಿ ನೂರಕ್ಕೆ 10ರಂತೆ ಕಾರಿನ ಮೇಲೆ ಒತ್ತುವ ಭಾರ 270 ಪೌಂಡು. ಅಮೆರಿಕದ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಬಳಿ, ಜನರೂ ಸಾಮಾನೂ ಸೇರಿ ಇಷ್ಟು ಭಾರವನ್ನು ಮೀರಕೂಡದೆಂದು ಒಂದು ಚೀಟಿ ಅಂಟಿಸಿರುವುದು. ಅದು 1,200 ಪೌಂಡು ಎಂದಿರಲಿ. ನಾಲ್ವರು ದೊಡ್ಡವರಿಗೆ ತಲಾ 150ರಂತೆ 600, ಇಬ್ಬರು ಮಕ್ಕಳಿಗೆ ತಲಾ 60ರಂತೆ 120, ಕಾರಿನೊಳಗಣ ಪೆಟ್ಟಿಗೆಗಳಿಗೆ 150. ಇವು 870 ಆದುವು. ಮೂಕಿಯ 270 ಸೇರಿದರೆ 1,140. ಉಳಿದದ್ದು 60 ಪೌಂಡು ಮಾತ್ರ. ಮೂಕಿಯ ಭಾರವು ನೂರಕ್ಕೆ 15ಕ್ಕೆ ಏರಿದರೆ ಅದೇ 405 ಆಗಿ, ಒಟ್ಟು 1,275 ಪೌಂಡಿನಿಂದ ಮಿತಿಯು ಮೀರಿಹೋಗುವುದು. ಟ್ರೇಲರಿನ ಮೂಕಿಯು ಒತ್ತುವ ಭಾರವನ್ನು ಕಾರಿನ ಲೆಕ್ಕದಲ್ಲಿ ಸೇರಿಸಬೇಕೆಂಬುದೇ ಬಹುಮಂದಿಗೆ ತಿಳಿಯದು.

ಆದುದರಿಂದ ನನಗೆ ತೋರುವುದಿಷ್ಟು. ಮಗನು ತನ್ನ ಕಾರಿನ ಚೀಟಿಯನ್ನೂ ಪುಸ್ತಕವನ್ನೂ ನೋಡಿ ಇದೇ ಲೆಕ್ಕವನ್ನು ಹಾಕಲಿ. ಮಿತಿಯ ಅಂಚಿಗೆ ಬಂದರೆ ಹಿರಿಯರಿಬ್ಬರೂ ಬಸ್ಸಿನಲ್ಲಾಗಲಿ ವಿಮಾನದಲ್ಲಾಗಲಿ ಬೇರೆಯಾಗಿ ಹೋಗುವುದು ಮೇಲು. ಇದರಲ್ಲಿ ಅವಮಾನವೇನೂ ಇಲ್ಲ. ಮೊಮ್ಮಕ್ಕಳ ಕ್ಷೇಮಕ್ಕೆ ತಾವು ಕೊಡುವ ಸಹಾಯವೆಂದೇ ಭಾವಿಸತಕ್ಕದ್ದು. ಇನ್ನೊಂದು ಮಾತನ್ನು ಹಿರಿಯರಿಗೆ ಹೇಳಲೇಬೇಕು. ಸಾಮಾನು ಕಟ್ಟುವ ಹೊತ್ತಿನಲ್ಲಿ "ಇದೂ ಒಂದಿರಲಿ, ಅದೂ ಒಂದಿರಲಿ" ಎನ್ನುವವರು ಸಾಮಾನ್ಯವಾಗಿ ನಾವೇ. ಚಾಲಕನಾದ ಮಗನು ಸಂಕೋಚದಿಂದ ಸುಮ್ಮನಿರುವನು. ಹಳೆಯ ವಸ್ತುವನ್ನು ಬೇಕಾದವರಿಗೆ ಕೊಟ್ಟುಬಿಟ್ಟರೆ ಹೊಸ ಊರಿನಲ್ಲಿ ಇನ್ನೊಂದು ದೊರೆಯುವುದು. ಟ್ರೇಲರಿನೊಳಗೆ ಮನುಷ್ಯರನ್ನಾಗಲಿ ಸಾಕುಪ್ರಾಣಿಗಳನ್ನಾಗಲಿ ಎಂದಿಗೂ ಕೂರಿಸಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊಂಡಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕಾರಿನ ಹಿಂದಿರುವ ಲೋಹದ ಗುಂಡಿನ ಮೇಲೆ ಟ್ರೇಲರಿನ ಬಟ್ಟಲು ಕೂತುಕೊಳ್ಳುವುದು. ಗುಂಡುಗಳಲ್ಲಿ 1 7/8 ಅಂಗುಲದ್ದೂ 2 ಅಂಗುಲದ್ದೂ ಬಳಕೆಯಲ್ಲಿವೆ. 2 ಅಂಗುಲದ ಬಟ್ಟಲನ್ನು ಚಿಕ್ಕ ಗುಂಡಿನ ಮೇಲಿಟ್ಟರೂ ಅದು ಮುಚ್ಚಿಕೊಂಡಂತೆ ತೋರುವುದು; ದಾರಿಯಲ್ಲಿ ಒಂದು ಕುಲುಕು ಬಂದೊಡನೆ ಕಳಚಿಹೋಗುವುದು. ಕಡಾಣಿಯಿಲ್ಲದ ಗಾಡಿಯ ಗತಿಯೇ ಇದರ ಗತಿ. ಗುಂಡಿನ ಮೇಲೂ ಬಟ್ಟಲಿನ ಮೇಲೂ ಕೊರೆದಿರುವ ಅಂಕಿಗಳನ್ನು ಓದಿ ತಾಳೆನೋಡಬೇಕು. ಎರಡು ರಕ್ಷಣೆಯ ಸರಪಣಿಗಳನ್ನು ಮೂಕಿಯ ಕೆಳಗೆ ಒಂದರಮೇಲೊಂದು ಅಡ್ಡಹಾಯುವಂತೆ ಕಟ್ಟತಕ್ಕದ್ದು. ಅಕಸ್ಮಾತ್ತಾಗಿ ಕೊಂಡಿ ಕಳಚಿದರೆ ಮೂಕಿಯು ನೆಲಕ್ಕೆ ಕುಕ್ಕದೆ ಸರಪಣಿಯ ತೊಟ್ಟಿಲಲ್ಲಿ ನಿಲ್ಲುವುದು. ತಿರುವಿನಲ್ಲಿ ಎಳೆಯದಷ್ಟು ಸಡಿಲವಿರಬೇಕು, ನೆಲವನ್ನು ಉಜ್ಜಕೂಡದು. ತಂತಿಯನ್ನು ಸೇರಿಸಿ, ಹಿಂದಿನ ದೀಪಗಳೆಲ್ಲ ಬೆಳಗುವುವೇ ಎಂದು ಒಬ್ಬರು ಹಿಂದೆ ನಿಂತು ನೋಡಬೇಕು. ಟೈರುಗಳ ಗಾಳಿಯನ್ನೂ ಅಳೆಯಬೇಕು. ಹೊರಟು ಕೆಲವು ಮೈಲಿಗಳಾದ ಮೇಲೆ ನಿಲ್ಲಿಸಿ ಇವೆಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ನಡೆಸುವ ಕ್ರಮವು ಹೀಗೆ. ಆಕ್ಸಿಲರೇಟರಿಗೂ ಬ್ರೇಕಿಗೂ ಬಲಗಾಲೊಂದೇ, ಎಡಗಾಲಿಗೆ ವಿಶ್ರಾಂತಿ. ಬ್ರೇಕನ್ನು ಒತ್ತಿಕೊಂಡೇ ಗೇರಿನ ಹಿಡಿಯನ್ನು ಪಿ ಎಂಬಲ್ಲಿಂದ ಡಿ ಎಂಬಲ್ಲಿಗೆ ತರಬೇಕು. ಗಾಡಿಯು ಪೂರ್ಣವಾಗಿ ನಿಲ್ಲದೆ ಪಿ ಗೂ ಆರ್ ಗೂ ಬದಲಿಸಕೂಡದು. ಕಾರಿನಲ್ಲಿ ಭಾರ ಎಳೆಯುವಾಗ ಬಳಸತಕ್ಕ ಗುಂಡಿಯಿದ್ದರೆ ಅದನ್ನು ಒತ್ತಿಕೊಳ್ಳಬೇಕು. ಅದರಿಂದ ಗೇರು ಪದೇಪದೇ ಮೇಲೆಕೆಳಗೆ ಹೋಗುವುದು ತಪ್ಪಿ ಎಣ್ಣೆಯು ಅಷ್ಟರಮಟ್ಟಿಗೆ ತಂಪಾಗಿರುವುದು. ಚಿಕ್ಕ ಟ್ರೇಲರುಗಳಿಗೆ ಅನೇಕವೇಳೆ ಸ್ವಂತ ಬ್ರೇಕಿರುವುದಿಲ್ಲ. ಎಲ್ಲವನ್ನೂ ಕಾರೇ ತಡೆಯಬೇಕು. ಕ್ಯಾಲಿಫೋರ್ನಿಯದ ಕಾನೂನಿನಂತೆ ಟ್ರೇಲರನ್ನು ಎಳೆಯುವ ವಾಹನವು ಗಂಟೆಗೆ 55 ಮೈಲಿಯನ್ನು ಮೀರುವಂತಿಲ್ಲ. ಇದು ಸುಮ್ಮನೆ ಮಾಡಿದ ಕಟ್ಟಳೆಯಲ್ಲ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಬೆಳೆಯುವುದರಿಂದ, 55ಕ್ಕೆ ಬದಲು 70ರಲ್ಲಿ ಹೋದರೆ ಬ್ರೇಕು ತಡೆಯಬೇಕಾದ ಶಕ್ತಿಯು ಒಂದೂವರೆಪಟ್ಟಿಗಿಂತ ಹೆಚ್ಚಾಗುವುದು. ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ದೂರವನ್ನು ಬಿಟ್ಟಿರಬೇಕು.

ಭಾರವು ಹಿಂದಕ್ಕೆ ಹೆಚ್ಚಾಗಿದ್ದರೂ, ವೇಗವು ಮಿತಿಮೀರಿದರೂ, ದೊಡ್ಡ ಲಾರಿಯು ಪಕ್ಕದಲ್ಲಿ ಹಾದು ಗಾಳಿಯು ಬಡಿದರೂ ಟ್ರೇಲರು ಹಾವಿನ ಬಾಲದಂತೆ ಎಡಬಲಕ್ಕೆ ತೂಗಲು ತೊಡಗುವುದು. ಆಗ ಸಹಜವಾಗಿ ತೋರುವ ಉಪಾಯಗಳೇ ಅಪಾಯಗಳು. ಬ್ರೇಕನ್ನು ಬಲವಾಗಿ ಒತ್ತಕೂಡದು. ಎದುರುದಿಕ್ಕಿಗೆ ಸ್ಟಿಯರಿಂಗನ್ನು ತಿರುಗಿಸಕೂಡದು. ವೇಗವನ್ನು ಹೆಚ್ಚಿಸಲೂ ಕೂಡದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು ಚಕ್ರವನ್ನು ನೇರವಾಗಿ ಹಿಡಿದಿರಬೇಕು. ವೇಗವಿಳಿದು ತೂಗಾಟವು ನಿಂತಮೇಲೆ ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ, ಭಾರವನ್ನು ಮುಂದಕ್ಕೆ ಸರಿಸಿ ಕಟ್ಟಿಯೇ ಹೊರಡಬೇಕು. ಕಾರಿನಲ್ಲಿರುವವರು ಆ ಕ್ಷಣದಲ್ಲಿ ಕೂಗಾಡದಿರುವುದೂ ಒಂದು ಉಪಕಾರವೇ.

ಲಾಸ್ ಏಂಜಲಿಸಿನ ದಾರಿಯಲ್ಲಿ ಸುಮಾರು 4,100 ಅಡಿ ಎತ್ತರದ ತೆಹೋನ್ ಕಣಿವೆಯನ್ನು ದಾಟಬೇಕು. ಅದರ ಉತ್ತರದ ಮಗ್ಗುಲಿಗೆ ಗ್ರೇಪ್‌ವೈನ್ ಎಂದು ಹೆಸರು. ನೂರು ಅಡಿಗೆ 6 ಅಡಿಯಂತೆ ಏರುವ ದಾರಿ. ಏರುವಾಗ ಬಲಗಡೆಯ ಸಾಲಿನಲ್ಲಿ ಸಾವಕಾಶವಾಗಿ ಹೋಗುತ್ತ, ಶಾಖವನ್ನು ತೋರುವ ಮುಳ್ಳಿನ ಮೇಲೆ ದೃಷ್ಟಿಯಿಡಬೇಕು. ಅದು ಮೇಲೇರಿದರೆ ನಿಂತು ಆರಿಸಿಕೊಳ್ಳಬೇಕು. ಇಳಿಯುವುದು ಏರುವುದಕ್ಕಿಂತ ಕಠಿಣ. ನಮ್ಮ ಶಿರಾಡಿ ಘಾಟಿಯಲ್ಲಿ ಲಾರಿಗಳ ಬ್ರೇಕು ಕಾದು ನಾರುವುದನ್ನು ಕಂಡವರು ಇದನ್ನು ಬಲ್ಲರು. ಇಳಿಜಾರಿಗೆ ಮುಂಚೆಯೇ ವೇಗವನ್ನಿಳಿಸಿ, ಹಿಡಿಯನ್ನು ಎಲ್ ಗಾಗಲಿ ಕೆಳಗಿನ ಅಂಕಿಗಾಗಲಿ ತಂದು, ಎಂಜಿನಿನಿಂದಲೇ ಗಾಡಿಯನ್ನು ತಡೆಯಿಸಬೇಕು. ಬ್ರೇಕನ್ನು ಸದಾ ಒತ್ತಿಕೊಂಡಿರದೆ ಆಗಾಗ ಒತ್ತಿ ಬಿಡುತ್ತಿರಬೇಕು. ಎಣ್ಣೆ ಉಳಿಯಲೆಂದು ಎನ್ ನಲ್ಲಿ ಜಾರಿಬಿಡುವುದು ಪ್ರಾಣಕ್ಕೆ ಎರವಾಗುವ ಮಿತವ್ಯಯ.

ಹಿಂದಕ್ಕೆ ನಡೆಸುವಾಗ ಟ್ರೇಲರು ಸ್ಟಿಯರಿಂಗಿಗೆ ವಿರುದ್ಧವಾಗಿ ತಿರುಗುವುದರಿಂದ ಹೊಸಬರು ಗಾಬರಿಯಾಗುವರು. ಚಕ್ರದ ಕೆಳತುದಿಯಲ್ಲಿ ಕೈಯಿಟ್ಟು, ಟ್ರೇಲರು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈಯನ್ನು ಸ್ವಲ್ಪಸ್ವಲ್ಪವಾಗಿ ಸರಿಸಿದರೆ ಸಾಕು. ಹಿಂದೆ ಒಬ್ಬರು ಚಾಲಕನಿಗೆ ಕಾಣುವಂತೆ ನಿಂತು ಕೈಸನ್ನೆ ಮಾಡಬೇಕು, ಮಕ್ಕಳು ದೂರದಲ್ಲಿರಬೇಕು. ಬಯಲಿನಲ್ಲಿ ಅರ್ಧಗಂಟೆ ಅಭ್ಯಾಸ ಮಾಡಿ ಹೊರಡುವವನು ಜಾಣ.

ಕೊನೆಗೆ ನಿಲ್ಲಿಸುವ ವಿಷಯ. ಪಿ ಗೆ ತಂದಾಗ ಕಾರನ್ನು ಹಿಡಿದಿಡುವುದು ಗೇರಿನೊಳಗಿನ ಒಂದು ಚಿಕ್ಕ ಕೊಕ್ಕೆ. ಇಳಿಜಾರಿನಲ್ಲಿ ಕಾರಿನ ಭಾರವನ್ನೂ ಟ್ರೇಲರಿನ ಭಾರವನ್ನೂ ಅದೊಂದರ ಮೇಲೆಯೇ ಹೊರಿಸುವುದು ಯುಕ್ತವಲ್ಲ. ಮೊದಲು ಕಾಲಿನ ಬ್ರೇಕನ್ನು ಒತ್ತಿ, ಇನ್ನೊಬ್ಬರಿಂದ ಟ್ರೇಲರಿನ ಚಕ್ರಗಳ ಇಳಿಜಾರಿನ ಕಡೆಗೆ ಅಡ್ಡಗಟ್ಟೆಯನ್ನು ಇಡಿಸಿ, ಹಿಡಿಯನ್ನು ಎನ್ ಗೆ ತಂದು, ನಿಲುಗಡೆಯ ಬ್ರೇಕನ್ನು ಹಾಕಿ, ಕಾಲನ್ನು ಮೆಲ್ಲನೆ ಸಡಿಲಿಸಿ, ಭಾರವು ಗಟ್ಟೆಗೆ ಒರಗಿದ ಮೇಲೆ ಪಿ ಗೆ ತರಬೇಕು. ಗಟ್ಟೆಯಿಡದೆ ಟ್ರೇಲರನ್ನು ಕಾರಿನಿಂದ ಎಂದಿಗೂ ಕಳಚಕೂಡದು. ಊರು ಸೇರಿದ ಆಯಾಸದಲ್ಲಿ ಈ ಕೆಲಸವನ್ನು ಬೇಗ ಮುಗಿಸುವ ಆತುರ ಹುಟ್ಟುವುದು ಸಹಜ. ಮನೆಯ ಹಿರಿಯರು ಆಗ ಕಾಫಿಗೆ ಕರೆಯದೆ, ಗಟ್ಟೆಯಿಟ್ಟಾಯಿತೇ ಎಂದು ಮೊದಲು ಕೇಳಲಿ.

ಇನ್ನಾವ ವಾಚಕರಿಗಾದರೂ ಈ ವಿಷಯದಲ್ಲಿ ಸಂದೇಹಗಳಿದ್ದರೆ, ಕಾರಿನ ಹೆಸರನ್ನೂ ಚೀಟಿಯಲ್ಲಿರುವ ಅಂಕಿಗಳನ್ನೂ ತಿಳಿಸಿ ಬರೆಯಬೇಕಾಗಿ ಪ್ರಾರ್ಥನೆ.